ಅಮ್ಮನಿಗೆ ಅಕ್ಕನನ್ನು ಹುಡುಕಿಕೊಟ್ಟ ಅಕ್ಕೋರು

ಮೊನ್ನೆ ಕುಮಟಾದಿಂದ ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ಸುರಗಿ ದಂಡೆ ಮುಡಿದಿದ್ದಳು. ಒಣಗಿದರೂ ಘಮ ಬಿಡದ ಹೂವು ಅದು. ಹಳದೀಪುರ ದಾಟುವಷ್ಟರಲ್ಲಿ ಅಕ್ಕೋರು ಬಂದು ಪಕ್ಕದಲ್ಲಿ ಕೂತಂತಾಯಿತು. ಅವರ ಬಟ್ಟೆಚೀಲದ ತಳದಲ್ಲಿ ಯಾವಾಗಲೂ ಒಣ ಸುರಗಿ ಇರುತ್ತಿತ್ತು...

ಹೊನ್ನಾವರದ ನಮ್ಮ ಓಣಿಯಲ್ಲಿ, ಎದುರಿನ ಬಾಡಿಗೆ ಮನೆಯಲ್ಲಿ ಅವರೊಬ್ಬರೇ ಇದ್ದರು. ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಕಲಿಸುವ ಹೆಂಗಸರನ್ನು ನಮ್ಮ ಕಡೆ ಕರೆಯುವ ಹಾಗೆ ಓಣಿಗೆಲ್ಲ ಅವರು ಅಕ್ಕೋರು. ನಿವೃತ್ತಿಯ ಮೇಲೆ ಅವರಿಗೆ ವಂಶಾವಳಿಯ ಹುಚ್ಚು ಹಿಡಿಯಿತು. ಯಾರದೇ ಮನೆತನದ್ದಾಗಲಿ, ವಾರದ ಮೊದಲೆರಡು ದಿನ ಬಸ್ಸು ಹತ್ತಿ ಊರೂರು ತಿರುಗಿ, ಮುದುಕಿಯರ ಜೊತೆ ಜಗಲಿಯಲ್ಲಿ ಕೂತು, ಅವರ ಅಜ್ಜಿಯ ತವರು ಯಾವುದೆಂದು ವಿಚಾರಿಸುತ್ತಿದ್ದರು. ಗಂಡಸರ ಹೆಸರು ಜಮೀನಿನ ಕಾಗದದಲ್ಲಾದರೂ ಸಿಗುತ್ತದೆ, ಹೆಂಗಸರದ್ದು ಹೆಂಗಸರ ಬಾಯಲ್ಲೇ ಸಿಗಬೇಕು ಎನ್ನುತ್ತಿದ್ದರು. ಗುರುವಾರ ಸರಕಾರಿ ಆಸ್ಪತ್ರೆಗೆ ಹೋಗಿ ಓದಲು ಬಾರದವರಿಗೆ ಚೀಟಿ ಬರೆದುಕೊಡುವ ಸೇವೆ. ಭಾನುವಾರ ಸಂಜೆ ಅಮ್ಮನ ಜೊತೆ ಚೆನ್ನೆಮಣೆ. ಸೋತರೆ ಸಣ್ಣ ಹುಡುಗಿಯಂತೆ ಮುನಿಸಿಕೊಳ್ಳುತ್ತಿದ್ದರು.

"ಅಕ್ಕೋರೇ, ನಿಮ್ಮ ವಂಶದ್ದು ಬರೆದಾತಾ?" ಎಂದು ಒಮ್ಮೆ ಕೇಳಿದ್ದೆ.

"ನಂದು ನನ್ನಿಂದಲೇ ಶುರು" ಎಂದು ನಕ್ಕರು. ಅವರು ಅನಾಥಾಶ್ರಮದಲ್ಲಿ ಬೆಳೆದವರೆಂದು ಅಮ್ಮ ಆಮೇಲೆ ಹೇಳಿದಳು.

ಒಂದು ಭಾನುವಾರ ಅಮ್ಮ ತನ್ನ ಅಕ್ಕನ ಮಾತು ತೆಗೆದಳು. ಇಬ್ಬರೂ ಚಿಕ್ಕವರಿದ್ದಾಗಲೇ ಅಜ್ಜಿ ತೀರಿಕೊಂಡು, ಅಮ್ಮನನ್ನು ಸೋದರಮಾವ ಕರೆದುಕೊಂಡು ಹೋದರಂತೆ. ಅಕ್ಕನನ್ನು ಯಾರೋ ದೂರದ ನೆಂಟರ ಮನೆಗೆ ಕಳಿಸಿದರು. ಆಮೇಲೆ ಯಾರೂ ಅವಳ ಸುದ್ದಿಯೇ ತೆಗೆಯಲಿಲ್ಲ. ಅಕ್ಕೋರು ಕೈಯಲ್ಲಿದ್ದ ಕಾಯಿಗಳನ್ನು ಕೆಳಗಿಟ್ಟು ಆಟ ನಿಲ್ಲಿಸಿದರು. ಮರುದಿನವೇ ಹುಡುಕಾಟಕ್ಕೆ ಹೊರಟರು.

ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡಮ್ಮ ಸಿಕ್ಕಳು. ಭಟ್ಕಳದಲ್ಲಿ, ಮಗನ ಸಂಸಾರದ ಜೊತೆ ಇದ್ದಳು. ಆದರೆ ಅವತ್ತು ಅಕ್ಕೋರು ತಲೆ ತಗ್ಗಿಸಿಕೊಂಡೇ ನಮ್ಮ ಮೆಟ್ಟಿಲು ಹತ್ತಿದರು.

"ಎಂತ ಆತು ಅಕ್ಕೋರೇ?" ಅಮ್ಮ ಕೇಳಿದಳು.

"ಅವರಿಗೆ ಯಾರನ್ನೂ ನೋಡೂದು ಬೇಡ ಅಂತೆ. ಇಷ್ಟು ವರ್ಷ ಒಬ್ಬರೂ ಬರಲಿಲ್ಲ, ಈಗ ಎಂತಕ್ಕೆ ಅಂದ್ರು."

ಏನಾದರೂ ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಅಕ್ಕೋರು ಅದನ್ನು ಮಾಡುವವರಲ್ಲ.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಅವಳು ಹೇಳೂದು ಸರಿಯೇ. ನಾನೇ ಹೋಗ್ಬೇಕಿತ್ತು."

"ಹಾಗಾದ್ರೆ ನಾಳೆ ಹೋಗುವ. ನಾನೂ ಬತ್ತೆ" ಎಂದರು ಅಕ್ಕೋರು.

ಮೂವರೂ ಹೋದೆವು. ಬಾಗಿಲು ತೆರೆದ ದೊಡ್ಡಮ್ಮ ಬಹಳ ಹೊತ್ತು ಅಮ್ಮನನ್ನೇ ನೋಡಿದಳು. ಬಾಗಿಲು ಹಾಕಿಬಿಡುತ್ತಾಳೆ ಅಂದುಕೊಂಡೆ.

"ಈ ಬಿಸಿಲಲ್ಲಿ ಬಂದ್ಯಾ? ಊಟ ಆತಾ?" ಎಂದಳು. ಅಷ್ಟೇ.

ಅಮ್ಮ ಹೊಸ್ತಿಲಲ್ಲೇ ಕುಸಿದು ಕೂತು ಅತ್ತಳು. ದೊಡ್ಡಮ್ಮ ಅವಳ ತಲೆ ನೇವರಿಸುತ್ತ ನಿಂತಳು. ಎಷ್ಟು ಕರೆದರೂ ಅಕ್ಕೋರು ಒಳಗೆ ಬರಲಿಲ್ಲ. ನಾನು ನೀರು ತೆಗೆದುಕೊಂಡು ಹೋದಾಗ ಅಂಗಳದ ಮೂಲೆಯಲ್ಲಿ, ನಮಗೆ ಬೆನ್ನು ಮಾಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು...

ಮುಂದಿನ ಬೇಸಿಗೆಯಲ್ಲಿ ಅವರಿಗೆ ಎದೆನೋವು ಬಂತು. ಉಳಿಯಲಿಲ್ಲ. ಹೆಣ ಎತ್ತುವ ಮೊದಲು ಭಟ್ಟರು ತಂದೆಯ ಹೆಸರು, ಗೋತ್ರ ಕೇಳಿದರು. ಅಕ್ಕೋರು ವಂಶಾವಳಿ ಬರೆದುಕೊಟ್ಟ ಎಷ್ಟೋ ಮನೆಗಳವರು ಅಂಗಳದಲ್ಲಿ ನಿಂತಿದ್ದರು.

"ನಮ್ಮನೆಯದೇ ಹೇಳಿ ಭಟ್ರೇ. ಅವರು ನಮ್ಮನೆಯವರು" ಎಂದಳು ಅಮ್ಮ. ಸುದ್ದಿ ಕೇಳಿ ಭಟ್ಕಳದಿಂದ ಬಂದಿದ್ದ ದೊಡ್ಡಮ್ಮ ಅವಳ ಕೈ ಹಿಡಿದುಕೊಂಡಳು. ಭಟ್ಟರು ಹಾಗೆಯೇ ಹೇಳಿದರು.

ಎದುರುಮನೆಗೆ ಈಗ ಬೇರೆಯವರು ಬಂದಿದ್ದಾರೆ. ದೊಡ್ಡಮ್ಮ ಆಗಾಗ ಬಂದು ನಮ್ಮಲ್ಲಿ ಉಳಿಯುತ್ತಾಳೆ. ನಿನ್ನೆ ಅಕ್ಕತಂಗಿಯರು ತಾವು ಚಿಕ್ಕವರಿದ್ದಾಗಿನ ಯಾವುದೋ ಮದುವೆಯ ಮಾತಾಡುತ್ತಿದ್ದರು. ಮದುಮಗಳ ಹೆಸರು ಇಬ್ಬರಿಗೂ ನೆನಪಾಗಲಿಲ್ಲ.

"ತಡಿ, ಅಕ್ಕೋರನ್ನ ಕೇಳಿ..." ಎನ್ನುತ್ತ ಅಮ್ಮ ಎದ್ದು ಬಾಗಿಲವರೆಗೆ ಹೋದಳು. ಅಲ್ಲೇ ನಿಂತುಬಿಟ್ಟಳು.