ನಾಲ್ಕು ತಾಸಿನ ಕಣ್ಣು

ಶಿಕಾರಿಪುರದಿಂದ ಆನವಟ್ಟಿಯ ಮೇಲೆ ಸೊರಬಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಧರ್ಮಪ್ಪನಿಗೆ ಮೂವತ್ತು ವರ್ಷ ತುಂಬುವ ಹೊತ್ತಿಗೆ ಕಣ್ಣು ಕೈಕೊಡತೊಡಗಿತು. ಎದುರು ಬರುವ ಲಾರಿಗೆ ಎರಡರ ಬದಲು ಏಳೆಂಟು ದೀಪ ಕಾಣುತ್ತಿದ್ದವು. ಶಿವಮೊಗ್ಗದಲ್ಲಿ ಮೂರು ಸಲ ಕನ್ನಡಕ ಬದಲಾಯಿಸಿದರೂ ಗುಣವಿರಲಿಲ್ಲ. ಕೊನೆಗೆ ಅಲ್ಲಿನ ಡಾಕ್ಟರು, "ಕರಿಗುಡ್ಡೆಯ ಮುಂದಿನ ಗಾಜಿನಂಥ ಪೊರೆ ಮೊನಚಾಗಿ ಉಬ್ಬಿದೆ. ಇದಕ್ಕೆ ಯಾವ ಕನ್ನಡಕವೂ ಆಗೋದಿಲ್ಲ. ಬೊಂಬಾಯಿಗೆ ಹೋಗಿ ನೋಡಿ" ಎಂದರು.

ಬೊಂಬಾಯಿಗೆ ಕರೆದುಕೊಂಡು ಹೋದವನು ಬಸ್ಸಿನ ಮಾಲೀಕ ಶಾಂತವೀರಪ್ಪ, ಧರ್ಮಪ್ಪನ ಅಕ್ಕನ ಗಂಡ. ಅಲ್ಲಿ ಕಣ್ಣಿಗೆ ಮದ್ದು ಬಿಟ್ಟು, ಮರಗಟ್ಟಿದ ಮೇಲೆ ತಣ್ಣನೆಯ ಅಂಟು ತುಂಬಿ ಅಚ್ಚು ತೆಗೆದರು. ಆ ಅಚ್ಚಿನಂತೆ ಎರಡು ಪ್ಲಾಸ್ಟಿಕ್ ಬಟ್ಟಲುಗಳು ತಯಾರಾದವು, ಒಂದೊಂದೂ ಅಡಕೆ ಹೋಳಿನಷ್ಟು ಅಗಲ. ಬಟ್ಟಲಿಗೆ ಸೋಡಾ ಕರಗಿಸಿದ ನೀರು ತುಂಬಿ, ತಲೆ ಬಗ್ಗಿಸಿ, ಗುಳ್ಳೆ ಸೇರದ ಹಾಗೆ ರೆಪ್ಪೆಯೊಳಗೆ ಕೂರಿಸಬೇಕು. ಮೊದಲ ಸಲ ಹಾಕಿಕೊಂಡಾಗ ಧರ್ಮಪ್ಪ ಎದುರು ಕಟ್ಟಡದಲ್ಲಿ ಒಣಹಾಕಿದ್ದ ಸೀರೆಯ ಅಂಚಿನ ಗೆರೆಗಳನ್ನು ಎಣಿಸಿದ. ಅಳು ಬಂತು. ಅತ್ತಿದ್ದಕ್ಕೆ ಬಲಗಣ್ಣಿನದು ಜಾರಿ ಅಂಗೈಗೆ ಬಿತ್ತು.

"ನಾಲ್ಕು ಗಂಟೆಗಿಂತ ಹೆಚ್ಚು ಬೇಡ. ಮಂಜು ಕವಿದ ಹಾಗಾದರೆ ಆ ಕ್ಷಣವೇ ತೆಗೆಯಬೇಕು. ಆಮೇಲೆ ಅಷ್ಟೇ ಹೊತ್ತು ಕಣ್ಣಿಗೆ ವಿಶ್ರಾಂತಿ ಕೊಡಿ" ಎಂದ ಡಾಕ್ಟರು, "ಏನು ಕೆಲಸ?" ಎಂದು ಕೇಳಿದರು. ಧರ್ಮಪ್ಪ ಬಾಯಿ ತೆರೆಯುವಷ್ಟರಲ್ಲಿ ಶಾಂತವೀರಪ್ಪ, "ಅಂಗಡಿಯಾಗ ಕೂರ್ತಾನ್ರೀ" ಎಂದುಬಿಟ್ಟ.

ಊರಿಗೆ ಬಂದ ಮೇಲೆ ಧರ್ಮಪ್ಪನ ದಿನಚರಿ ಗಡಿಯಾರಕ್ಕೆ ಸಿಕ್ಕಿಕೊಂಡಿತು. ಬೆಳಿಗ್ಗೆ ಸೊರಬಕ್ಕೆ ಮೂರು ಗಂಟೆಯ ದಾರಿ. ಅಲ್ಲಿ ಬಟ್ಟಲು ತೆಗೆದು ಮಧ್ಯಾಹ್ನವೆಲ್ಲ ಕಣ್ಣು ಮುಚ್ಚಿ ಮಲಗುವುದು, ಮತ್ತೆ ಹಾಕಿಕೊಂಡು ಸಂಜೆ ವಾಪಸು. ಮನೆಗೆ ಬರುವಷ್ಟರಲ್ಲಿ ಕಣ್ಣು ಕೆಂಡ, ಬಟ್ಟಲು ತೆಗೆಯಲೇಬೇಕು. ಹೆಂಡತಿ ನೀಲಾಂಬಿಕ ಬರಿಯ ಬಣ್ಣವಾಗಿ ಓಡಾಡುತ್ತಿದ್ದಳು, ವರ್ಷದ ಮಗಳು ಒಂದು ಅಲುಗಾಡುವ ಬಿಳುಪು. ರಜೆಯ ದಿನ ಹಾಕಿಕೊಂಡರೆ ಮರುದಿನ ಕಣ್ಣು ಊದಿಕೊಂಡು ಬಸ್ಸು ತಪ್ಪುತ್ತಿತ್ತು.

"ಮಗಳಿಗೆ ನಾಕು ಹಲ್ಲು ಬಂದಾವ. ಒಂದಿನಾನಾದ್ರೂ ಹಾಕ್ಕೊಂಡು ನೋಡ್ರೀ" ಎಂದಳು ನೀಲಾಂಬಿಕ.

ಮರುದಿನ ಅವನು ಭಾವನ ಬಳಿ ಹೋದ. "ಭಾವ, ನಂಗೆ ಬ್ಯಾರೆ ಕೆಲಸ ಕೊಡ್ರಿ. ದಿನಾ ಜೀವ ಕೈಯಾಗ ಹಿಡಕೊಂಡು ಓಡಿಸ್ತಿದೀನಿ."

ಶಾಂತವೀರಪ್ಪ ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ. "ಆ ಕಣ್ಣು ಕೊಡ್ಸಿದ್ದು ಯಾಕೆ ಅನ್ಕೊಂಡಿ, ಧರ್ಮಾ? ನಿನ್ನಷ್ಟು ನಂಬಿಕಸ್ಥ ಡ್ರೈವರ್ ನಂಗೆ ಎಲ್ಲಿ ಸಿಕ್ತಾನ?"

ಒಳಗಿನಿಂದ ಅಕ್ಕ ಹೊಸ್ತಿಲ ತನಕ ಬಂದು ಹಿಂದಿರುಗಿದಳು. ಧರ್ಮಪ್ಪನೂ ಎದ್ದು ಹೋದ.

೧೯೫೮ರ ಫೆಬ್ರವರಿಯಲ್ಲಿ ಒಂದು ಸಂತೆಯ ದಿನ ಆನವಟ್ಟಿಯ ಹತ್ತಿರ ಬಸ್ಸು ಕೆಟ್ಟು ನಿಂತಿತು. ರಿಪೇರಿಗೆ ಎರಡು ಗಂಟೆ ಹಿಡಿಯಿತು. ಕಂಡಕ್ಟರ್ ಗೋಪಾಲಪ್ಪನ ಜೊತೆ ಅವನೂ ಬಾನೆಟ್ಟಿನೊಳಗೆ ಕೈ ಹಾಕಿದ್ದರಿಂದ ಕೈಯೆಲ್ಲ ಗ್ರೀಸು, ಸುತ್ತ ಧೂಳು. ಆ ಕೈಯಲ್ಲಿ ಬಟ್ಟಲು ತೆಗೆಯುವಂತಿರಲಿಲ್ಲ. ತೆಗೆದರೆ ಮತ್ತೆ ಹಾಕಿಕೊಳ್ಳುವಂತೆಯೂ ಇರಲಿಲ್ಲ. ಬಸ್ಸಿನ ತುಂಬ ಜನ ಗದ್ದಲ ಮಾಡುತ್ತಿದ್ದರು. ಅವನು ಹಾಗೇ ಹೊರಟ.

ಕುಪ್ಪಗಡ್ಡೆ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಬೆಳ್ಳಗಾಗತೊಡಗಿತು. ಸೂರ್ಯನ ಸುತ್ತ ಬಣ್ಣದ ಬಳೆ ಎದ್ದವು. ಇನ್ನು ಸ್ವಲ್ಪವೇ ದೂರ, ರಸ್ತೆಯ ತಿರುವೆಲ್ಲ ಬಾಯಿಪಾಠ ಎಂದುಕೊಂಡ. ಅಷ್ಟರಲ್ಲಿ ಆ ಬಿಳುಪಿನೊಳಗಿಂದ ಎತ್ತಿನ ಕೊರಳ ಗಂಟೆ ಕೇಳಿಸಿತು. ಎರಡೂ ಕಾಲಲ್ಲಿ ಬ್ರೇಕು ತುಳಿದ. ಬಸ್ಸು ನಿಂತಾಗ ಗಾಡಿಯವನು ಮುಂದಿನ ಚಕ್ರದ ಪಕ್ಕದಲ್ಲೇ ನಿಂತು ಬೈಯುತ್ತಿದ್ದ.

"ಯಾಕ್ ಧರ್ಮಣ್ಣ?" ಗೋಪಾಲಪ್ಪ ಓಡಿಬಂದ.

"ಕಣ್ಣು ಕಾಣವಲ್ದು."

ಗೋಪಾಲಪ್ಪ ದನಿ ತಗ್ಗಿಸಿದ. "ಸೊರಬ ಇನ್ನೆರಡು ಮೈಲಿ. ನಾ ಪಕ್ಕದಾಗ ನಿಂತು ಎಡ, ಬಲ ಹೇಳ್ತೀನಿ. ಮೆಲ್ಲಕ ಬಿಡು. ಮಾಲೀಕ್ರಿಗೆ ತಿಳಿದ್ರೆ ಇಬ್ರದೂ ಕೆಲಸ ಹೋಗ್ತೈತಿ."

ಧರ್ಮಪ್ಪನ ಕಾಲು ಕ್ಲಚ್ಚಿನ ಮೇಲೆ ಹೋಯಿತು. ಹಿಂದೆ ಯಾವುದೋ ಕೂಸು ಕೇಕೆ ಹಾಕಿ ನಗುತ್ತಿತ್ತು. ಅವನು ಇಂಜಿನ್ ಆರಿಸಿ ಕೆಳಗಿಳಿದ. ಜನರೂ ಇಳಿದರು. ಇಷ್ಟು ದಿನ ಮುಚ್ಚಿಟ್ಟಿದ್ದ ಕಣ್ಣಿನ ಸಂಗತಿಯನ್ನು ಅವರ ಮುಂದೆ ಬಾಯಿಬಿಟ್ಟು ಹೇಳಿದ.

"ಕುರುಡನ ಕೈಯಾಗ ಬಸ್ ಕೊಟ್ಟಾರಲ್ಲೋ!" ಎಂದು ಒಬ್ಬ ಅವನ ಅಂಗಿ ಹಿಡಿದ. ಉಚ್ಚಂಗಮ್ಮ ಎಂಬ ಮುದುಕಿ ನಡುವೆ ಬಂದು, "ಬಿಡಪ್ಪ, ಹೇಳಿದ್ನಲ್ಲ. ಹೇಳ್ದೆ ಇದ್ದಿದ್ರೆ?" ಎಂದಳು. ತನ್ನ ತಂಬಿಗೆಯ ನೀರನ್ನು ಅವನ ಕೈಗೆ ಸುರಿದಳು. ಅವನು ರಸ್ತೆಯ ಅಂಚಿನಲ್ಲಿ ಕೂತು ಕೈ ಉಜ್ಜಿ ತೊಳೆದು ಬಟ್ಟಲು ತೆಗೆದ. ಜನ ತಮ್ಮ ಗಂಟು ಹೊತ್ತು ಸೊರಬಕ್ಕೆ ನಡೆದರು. ಗೋಪಾಲಪ್ಪ ಅವನ ಕೈ ಹಿಡಿದು ನಡೆಸಿದ.

ಶಾಂತವೀರಪ್ಪ ಕೂಗಾಡಲಿಲ್ಲ. ಅವನನ್ನು ಕೆಲಸದಿಂದ ಬಿಡಿಸಿ, ಬಟ್ಟಲುಗಳನ್ನು ವಾಪಸು ಕೇಳಲು ಆಳನ್ನು ಕಳಿಸಿದ. "ಇವು ನನ್ನ ಕಣ್ಣಿಗೆ ಬಿಟ್ರೆ ಯಾರಿಗೂ ಕೂರಲ್ಲ ಅಂತ ಹೇಳು" ಎಂದ ಧರ್ಮಪ್ಪ. ಅಲ್ಲಿಗೆ ಅಕ್ಕನ ಮನೆಯ ಬಾಗಿಲು ಮುಚ್ಚಿತು.

ಶಿಕಾರಿಪುರದ ಬಸ್ ನಿಲ್ದಾಣದ ಬದಿಯಲ್ಲಿ ಟ್ಯೂಬಿಗೆ ಪ್ಯಾಚು ಹಾಕುವ ಕೆಲಸ ಹಿಡಿದ. ತೂತು ಹುಡುಕಲು ಬೆರಳು ಸಾಕಾಗುತ್ತಿತ್ತು. ಸಂಜೆ ಬಟ್ಟಲು ಹಾಕಿಕೊಂಡು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ. ಆದರೆ ಪೊರೆ ಉಬ್ಬುತ್ತಲೇ ಹೋಯಿತು. ಮರುವರ್ಷಕ್ಕೆ ಬಟ್ಟಲು ಒತ್ತತೊಡಗಿ, ನಾಲ್ಕು ಗಂಟೆ ಎರಡಾಯಿತು, ಆಮೇಲೆ ಒಂದು. ಹೊಸ ಅಚ್ಚಿಗೆ ಬೊಂಬಾಯಿಗೆ ಕರೆದೊಯ್ಯುವವರು ಯಾರೂ ಇರಲಿಲ್ಲ.

ಒಂದು ದಿನ ಭಾವನ ಹೊಸ ಡ್ರೈವರ್ ಟ್ಯೂಬು ತಂದು ಹಾಕಿ, "ಆನವಟ್ಟಿ ಏರಿನಾಗ ನಿಮ್ಮ ಬಸ್ಸು ಭಾಳ ಸತಾಯಿಸ್ತೈತ್ರಿ" ಎಂದ.

"ಮೊದಲೇ ಎರಡನೇ ಗೇರಿಗೆ ಹಾಕು. ಅದು ಹತ್ತತೈತಿ" ಎಂದ ಧರ್ಮಪ್ಪ, ಟ್ಯೂಬನ್ನು ನೀರಿನಲ್ಲಿ ಅದ್ದಿ ಬೆರಳಾಡಿಸುತ್ತ.