ಮನೆ ಮಗಳ ನಾಲ್ಕನೇ ಅಧ್ಯಾಯ

ತರಬೇತಿ ಎಂದರೆ ವರದರಾಜ ಮೇಷ್ಟ್ರಿಗೆ ನಗು ಬರುತ್ತಿತ್ತು. ಚಿಕ್ಕಬಳ್ಳಾಪುರದ ಸ್ನಾತಕೋತ್ತರ ಕೇಂದ್ರದಲ್ಲಿ ಅರ್ಥಶಾಸ್ತ್ರ ಹೇಳುತ್ತಲೇ ತಲೆ ನರೆತ ಮನುಷ್ಯ. ಅವರು ಪಾಠಕ್ಕೆ ನಿಂತರೆ ಹಿಂದಿನ ಬೆಂಚಿನವರೂ ಫೋನು ಒಳಗಿಡುತ್ತಿದ್ದರು. ಪಿಎಚ್.ಡಿ. ಮಾರ್ಗದರ್ಶಕರೆಲ್ಲ ಎರಡು ದಿನದ ತರಬೇತಿಗೆ ಬರಲೇಬೇಕು, ಸಂಶೋಧನಾ ವಿದ್ಯಾರ್ಥಿಗಳನ್ನು ದಡ ಮುಟ್ಟಿಸುವುದು ಹೇಗೆಂದು ಕಲಿಯಬೇಕು ಎಂಬ ಆದೇಶ ವಿಶ್ವವಿದ್ಯಾಲಯದಿಂದ ಬಂದಾಗ, ಹೆಂಡತಿ ಸುಂದರಮ್ಮನ ಮುಂದೆ ಅದನ್ನು ರಾಗವಾಗಿ ಓದಿದರು.

"ನನಗೆ ಹೇಳಿಕೊಡ್ತಾರಂತೆ ಕಣೇ! ನನ್ನಷ್ಟು ಹುಡುಗರನ್ನ ಹಚ್ಕೊಂಡಿರೋ ಗೈಡ್ ಒಬ್ಬನ್ನ ತೋರಿಸ್ಲಿ, ನೋಡಣ."

ಆ ಮಾತು ಸುಳ್ಳೇನಲ್ಲ. ಬೇರೆ ಗೈಡುಗಳ ಕೋಣೆಯ ಹೊರಗೆ ವಿದ್ಯಾರ್ಥಿಗಳು ಕಾಲು ಸೋಲುವವರೆಗೆ ಗೋಡೆಗೆ ಒರಗಿ ನಿಂತಿರುತ್ತಿದ್ದರು. ವರದರಾಜರ ವಿದ್ಯಾರ್ಥಿ ಎಂದರೆ ಮನೆಯವರೇ. ಮೇಲೂರಿನ ಹರಿತಾ ಪಿಎಚ್.ಡಿ.ಗೆ ಸೇರಿದ ವಾರದಲ್ಲೇ "ಇವಳು ನಮ್ಮನೆ ಮಗಳು" ಎಂದು ಸುಂದರಮ್ಮನಿಗೆ ಒಪ್ಪಿಸಿಬಿಟ್ಟಿದ್ದರು. ಅಂದಿನಿಂದ ಹುಡುಗಿ ಅವರನ್ನು ಕಾಣಲು ಬರುತ್ತಿದ್ದುದು ಕೇಂದ್ರಕ್ಕಲ್ಲ, ಮನೆಗೆ. ಬಂದರೆ ಊಟ ಮಾಡದೆ ಹೋಗುವಂತಿಲ್ಲ. ಊಟಕ್ಕೆ ಮೊದಲು ಸುಂದರಮ್ಮನ ಎದುರು ಕೂತು ಅವರೆಕಾಳು ಹಿದುಕುವುದು, ಊಟವಾದ ಮೇಲೆ ಅವರ ಜೊತೆ ಬ್ಯಾಂಕಿಗೋ ಟೈಲರ್ ಅಂಗಡಿಗೋ ಹೋಗಿಬರುವುದು. ಯಾರೂ ಹೇಳಿ ಮಾಡಿಸಿದ್ದಲ್ಲ. ಮನೆ ಮಗಳು ಸುಮ್ಮನೆ ಕೈಕಟ್ಟಿ ಕೂರುತ್ತಾಳೆಯೇ?

ಈ ಉಪಚಾರದ ನಡುವೆ ಅವಳ ಪ್ರಬಂಧದ ನಾಲ್ಕನೇ ಅಧ್ಯಾಯ ಸಂಕ್ರಾಂತಿಯಿಂದ ಯುಗಾದಿಯವರೆಗೆ ಮೇಷ್ಟ್ರ ಮೇಜಿನ ಮೇಲೆ ನೆಮ್ಮದಿಯಾಗಿ ಮಲಗಿತ್ತು. ಅದು ಒಪ್ಪಿಗೆಯಾಗದೆ ಐದನೆಯದನ್ನು ಬರೆಯುವಂತಿಲ್ಲ. ಜುಲೈ ಕೊನೆಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿಯೇ ರದ್ದು, ವರ್ಷಗಟ್ಟಲೆ ಪಟ್ಟ ಪಾಡು ನೀರುಪಾಲು. ಆದರೂ ಹರಿತಾ ಒಮ್ಮೆಯೂ ಬಾಯಿ ಬಿಟ್ಟು ಕೇಳಲಿಲ್ಲ. ಒಂದು ದಿನ ಪಾತ್ರೆ ಒರೆಸಿಡುತ್ತ, ಮಂಚೇನಹಳ್ಳಿಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿದೆ, ಜೂನಿಗೆ ಸೇರುತ್ತೇನೆ, ಪಿಎಚ್.ಡಿ. ಇಲ್ಲಿಗೆ ಸಾಕು ಎಂದು ಸುಂದರಮ್ಮನ ಹತ್ತಿರ ಹೇಳಿ ಹೋದಳು.

ಮೇಷ್ಟ್ರ ಸಿಟ್ಟು ನೆತ್ತಿಗೇರಿತು. "ಏನು ಕಮ್ಮಿ ಮಾಡಿದ್ವಿ ಅವಳಿಗೆ? ಈಗಿನ ಮಕ್ಕಳಿಗೆ ಛಲ ಅನ್ನೋದೇ ಇಲ್ಲ!" ಆ ಸಿಟ್ಟನ್ನು ಹೊತ್ತುಕೊಂಡೇ ತರಬೇತಿಗೆ ಹೋದರು.

ಹೇಳಿಕೊಡಲು ಬಂದಿದ್ದ ಮಹತಿ ಮೇಷ್ಟ್ರಿಗೆ ಮಗಳಾಗುವ ವಯಸ್ಸಿನವಳು. ಮೊದಲ ದಿನವೆಲ್ಲ ಮೇಷ್ಟ್ರು ಕಿಟಕಿ ನೋಡುತ್ತ ಕಳೆದರು. ಎರಡನೇ ದಿನ ಆಕೆ ಒಂದು ಆಟ ಹೂಡಿದಳು.

"ಒಬ್ಬರು ಗೈಡ್, ಒಬ್ಬರು ವಿದ್ಯಾರ್ಥಿ. ವಿದ್ಯಾರ್ಥಿ ಕೊಟ್ಟ ಅಧ್ಯಾಯ ಗೈಡ್ ಹತ್ರ ಬಹಳ ದಿನದಿಂದ ಉಳಿದಿದೆ. ಯಾವತ್ತು ಓದಿ ಕೊಡ್ತೀರಿ ಅಂತ ಕೇಳಿ, ದಿನ ಗೊತ್ತು ಮಾಡ್ಕೊಂಡು ಎದ್ದು ಬರ್ಬೇಕು. ಅಷ್ಟೇ."

"ಇಷ್ಟೇನಾ? ನಾನೇ ವಿದ್ಯಾರ್ಥಿ ಆಗ್ತೀನಿ. ಬಾಯಿದ್ರೆ ಸಾಕಲ್ವೇನಮ್ಮ?" ಎಂದು ಮೇಷ್ಟ್ರು ಎದ್ದರು.

ಗೈಡ್ ಆಗಿ ಎದುರು ಕೂತವನು ಗೌರಿಬಿದನೂರಿನ ಸುನೀಲ್‌ಕುಮಾರ್. ಹಿಂದೆ ಅವರ ಕೈಕೆಳಗೇ ಪಿಎಚ್.ಡಿ. ಮುಗಿಸಿ ಈಗಷ್ಟೇ ಗೈಡ್ ಆಗಿದ್ದವನು. "ತಪ್ಪು ತಿಳ್ಕೋಬೇಡಿ ಸರ್" ಎಂದು ಕೈಮುಗಿದು ಶುರು ಮಾಡಿದ.

"ಬಾರಪ್ಪ, ಬಾ. ಬಿಸಿಲಲ್ಲಿ ಬಂದಿದೀಯ. ಊಟ ಆಯ್ತಾ?"

"ಆಯ್ತು ಸರ್. ನನ್ನ ಅಧ್ಯಾಯ..." ಎಂದರು ಮೇಷ್ಟ್ರು.

"ಎಲ್ಲಿ ಆಯ್ತು? ಮುಖ ನೋಡಿದ್ರೇ ಗೊತ್ತಾಗುತ್ತೆ. ಲೇ, ಇವನಿಗೊಂದು ತಟ್ಟೆ ಹಾಕೇ! ನಿಮ್ಮಮ್ಮನ ಮಂಡಿನೋವು ಹೇಗಿದೆಯಪ್ಪ?"

"ಪರವಾಗಿಲ್ಲ ಸರ್. ಅದೇ, ಆ ಅಧ್ಯಾಯ..."

"ನೀನು ಬೇರೆ ಅಲ್ಲ, ನನ್ನ ಮಕ್ಕಳು ಬೇರೆ ಅಲ್ಲ. ಅಂದಹಾಗೆ, ಸಂಜೆ ನಮ್ಮ ಮನೆಯವಳನ್ನ ಬಸ್‌ಸ್ಟ್ಯಾಂಡಿಗೆ ಬಿಟ್ಟುಬರ್ತೀಯಾ?"

ಮೇಷ್ಟ್ರನ್ನು ಬಲ್ಲವರೇ ತುಂಬಿದ್ದ ಸಭೆ ಬಿದ್ದು ಬಿದ್ದು ನಕ್ಕಿತು. ಅವರೂ ನಕ್ಕರು. ನಗು ನಿಂತ ಮೇಲೆ ಇನ್ನೊಮ್ಮೆ ಬಾಯಿ ತೆರೆದರೆ ಮಾತು ಹೊರಡಲೊಲ್ಲದು. ಬರಿಯ ಆಟ ಎಂದು ಗೊತ್ತಿದ್ದೂ ನಾಲಿಗೆ ಏಳಲಿಲ್ಲ. ಸಿಡುಕುವ ಗೈಡಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಇಷ್ಟು ಅಕ್ಕರೆಯಿಂದ ತಟ್ಟೆ ಹಾಕಿಸುವವನನ್ನು ನನ್ನ ಕೆಲಸ ಯಾಕೆ ಮಾಡಿಲ್ಲವೆಂದು ಕೇಳುವುದು ಹೇಗೆ?

"ಆಯ್ತು ಸರ್, ಬಿಟ್ಟುಬರ್ತೀನಿ" ಎಂದು ಎದ್ದುಬಿಟ್ಟರು.

"ದಿನ ಗೊತ್ತಾಯ್ತಾ ಸರ್?" ಎಂದು ಮಹತಿ ಕೇಳಿದಳು.

"ಇಲ್ಲಮ್ಮ" ಎಂದರು. ಆ ಕ್ಷಣದಲ್ಲಿ ಹರಿತಾಳ ಮುಖ ಕಣ್ಣಿಗೆ ಕಟ್ಟಿತು.

ಊಟದ ಬಿಡುವಿನಲ್ಲಿ ಸುನೀಲ್‌ಕುಮಾರನನ್ನು ಪಕ್ಕಕ್ಕೆ ಕರೆದರು. "ನಿನಗೂ ಹೀಗೇ ಆಗಿತ್ತೇನೋ?"

"ಊಟ ಚೆನ್ನಾಗಿತ್ತು ಸರ್" ಎಂದ ಅವನು. "ಅದಕ್ಕೇ ಎರಡು ವರ್ಷ ತಡ ಆಯ್ತು."

ವರದರಾಜರು ಕುಗ್ಗಿ ಕೂರುವ ಮನುಷ್ಯರಲ್ಲ. ತಪ್ಪು ಗೊತ್ತಾದರೆ ತಿದ್ದಿಬಿಡಬಲ್ಲೆ ಎಂಬ ಧೈರ್ಯ ಅವರಿಗೆ ಯಾವಾಗಲೂ ಇತ್ತು. ಸಂಜೆ ಮನೆಗೆ ಬಂದವರೇ ನಾಲ್ಕನೇ ಅಧ್ಯಾಯವನ್ನು ಕೊನೆಯ ಪುಟದವರೆಗೆ ಓದಿದರು. ಆಮೇಲೆ ಹರಿತಾಳಿಗೆ ಫೋನು ಮಾಡಿದರು. "ಬಿಡೋ ಮಾತು ಆಮೇಲೆ ಆಡಣಮ್ಮ. ನಾಳೆ ಬೆಳಿಗ್ಗೆ ಕೇಂದ್ರಕ್ಕೆ ಬಾ. ಮನೆಗಲ್ಲ."

ಸುಂದರಮ್ಮ ಮುಖ ಊದಿಸಿಕೊಂಡರು. "ಊಟ ಇಲ್ದೆ ಕಳಿಸ್ತೀರಾ ಹುಡುಗೀನ?"

"ಊಟ ಕ್ಯಾಂಟೀನಲ್ಲೂ ಸಿಗುತ್ತೆ ಕಣೇ. ಗೈಡ್ ಸಿಗಲ್ಲ."

ಮರುದಿನ ಹರಿತಾ ಅಳುಕುತ್ತಲೇ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ರೇಷ್ಮೆಹುಳು ಸಾಕುವ ಮನೆಗಳಲ್ಲಿ ಹೆಂಗಸರ ದುಡಿಮೆ, ಅದು ಅವಳ ವಿಷಯ. ಅಧ್ಯಾಯ ಚೆನ್ನಾಗಿತ್ತು, ನಿಜಕ್ಕೂ ಚೆನ್ನಾಗಿತ್ತು. ಹಾಗೆಂದು ಬಾಯಿ ತುಂಬ ಹೊಗಳಿ, ಮೇಷ್ಟ್ರು ತಮ್ಮದೊಂದೇ ತಕರಾರು ಇಟ್ಟರು.

"ಸೊಪ್ಪು ಕೊಯ್ಯೋದು, ಹಣ್ಣಾದ ಹುಳ ಆರಿಸಿ ಗೂಡು ಕಟ್ಟಕ್ಕೆ ಬಿದಿರಿನ ಚಂದ್ರಿಕೆಗೆ ಬಿಡೋದು, ಮನೆ ಹೆಣ್ಣುಮಕ್ಕಳು ಮಾಡೋ ಇದನ್ನೆಲ್ಲ ಕೂಲಿ ಲೆಕ್ಕಕ್ಕೆ ತಂದಿದೀಯ. ಅದು ಪ್ರೀತಿಯಿಂದ ಮಾಡೋ ಸಹಾಯ. ಆ ಭಾಗ ತೆಗೆದುಬಿಡು."

"ಆಯ್ತು ಸರ್."

"ಆಯ್ತು ಅನ್ನಬೇಡಮ್ಮ. ಒಪ್ಪಿಗೆ ಇಲ್ದಿದ್ರೆ ಜಗಳ ಆಡು. ಅದಕ್ಕೇ ಕರೆಸಿದೀನಿ."

ಹುಡುಗಿ ಹಾಳೆಗಳನ್ನು ತನ್ನ ಕಡೆಗೆ ಎಳೆದುಕೊಂಡು ಆ ಭಾಗವನ್ನು ಮತ್ತೆ ಓದತೊಡಗಿದಳು. ಮೇಷ್ಟ್ರು ತುಟಿ ಬಿಗಿದು ಕಾದರು. ಅವರ ಪಾಲಿಗೆ ಅದು ಪಾಠ ಮಾಡುವುದಕ್ಕಿಂತ ಕಷ್ಟದ ಕೆಲಸ.

"ತೆಗೆಯಲ್ಲ ಸರ್" ಎಂದಳು ಕೊನೆಗೆ. "ಹುಳ ಹಣ್ಣಾಗೋ ಹೊತ್ತಲ್ಲಿ ನಮ್ಮಮ್ಮ ಬೆನ್ನು ನೆಲಕ್ಕೆ ತಾಗಿಸಲ್ಲ. ಮನೆಯವಳು ಅಂದ್ಬಿಟ್ರೆ ಕೆಲಸ ಕೆಲಸ ಅಲ್ದೆ ಹೋಗುತ್ತಾ? ಪ್ರೀತಿ ಇರುತ್ತೆ ಸರ್. ಸುಸ್ತೂ ಇರುತ್ತೆ. ಬೇಡ ಅನ್ನಕ್ಕೆ ಆಗಲ್ಲ, ಅಷ್ಟೇ."

ಅವಳು ಅಮ್ಮನ ಮಾತನ್ನಷ್ಟೇ ಆಡುತ್ತಿಲ್ಲವೆಂದು ಮೇಷ್ಟ್ರಿಗೆ ಗೊತ್ತಾಯಿತು. ನಾಚಿಕೆಯಾಯಿತು. ಅದರ ಬೆನ್ನಿಗೇ, ಪುಟ್ಟ ಮಗು ಮೊದಲ ಹೆಜ್ಜೆ ಇಟ್ಟಾಗ ಆಗುವಂಥ ಸಂತೋಷವೂ ಆಯಿತು. ಪೆನ್ನು ತೆಗೆದು, ಆ ಭಾಗದ ಪಕ್ಕ ಬರೆದಿದ್ದ ತಮ್ಮ ಟಿಪ್ಪಣಿಗೆ ಉದ್ದಕ್ಕೆ ಗೀಟು ಎಳೆದರು.

"ನಾನು ಸೋತೆ. ಇದನ್ನ ಹೀಗೇ ಬರಿ. ಐದನೆಯದು ಯಾವಾಗ ಕೊಡ್ತೀಯ?"

"ಮುಂದಿನ ತಿಂಗಳ ಮೊದಲನೇ ಸೋಮವಾರ." ಹರಿತಾ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಸರಿಯಾಗಿ ಕೂತಳು. "ಶನಿವಾರದೊಳಗೆ ಓದಿ ಕೊಡ್ಬೇಕು ಸರ್. ತಡ ಮಾಡಿದ್ರೆ ಫೋನ್ ಮಾಡಿ ಕೇಳ್ತೀನಿ."

"ಬೈದೂ ಕೇಳಮ್ಮ."

ಅವಳು ಅಲ್ಲೇ, ಅವರ ಎದುರಿಗೇ, ಮಂಚೇನಹಳ್ಳಿಗೆ ಫೋನು ಮಾಡಿದಳು. "ನಮಸ್ಕಾರ ಸರ್, ಹರಿತಾ ಮಾತಾಡ್ತಿರೋದು. ಜೂನಿಗೆ ನಾನು ಬರಲ್ಲ ಸರ್. ನನ್ನ ಕೆಲಸ ಇನ್ನೂ ಮುಗಿದಿಲ್ಲ."