ಆಟಕ್ಕೆ ಬೆನ್ನು ಮಾಡಿ ನಿಂತವನು

ತಾಸ್ಮೇನಿಯಾ ದ್ವೀಪದ ವಿನ್‌ಯಾರ್ಡ್ ಊರಿನ ಅಂಚೆ ಕಚೇರಿಯಲ್ಲಿ ಹದಿನೇಳು ವರ್ಷದಿಂದ ಕಾಗದ ವಿಂಗಡಿಸುತ್ತಿದ್ದ ಥೆಲ್ಮಾ ಡಾಬ್ಸನ್, ಊರಿನ ಎಲ್ಲರ ಸುಖದುಃಖ ಬಲ್ಲವಳು. ತನ್ನದೊಂದು ಮಾತ್ರ ತೀರ್ಮಾನವಾಗದೆ ಉಳಿದಿತ್ತು. ೧೯೫೮ರ ಮೇ ತಿಂಗಳಲ್ಲಿ ಮೀನಿಗೆ ಹೋದ ಗಂಡ ರೆಗ್ ತಿರುಗಿ ಬರಲಿಲ್ಲ. ದೋಣಿಯ ಒಂದು ಹಲಗೆ ದಡ ಸೇರಿತು, ದೇಹ ಸೇರಲಿಲ್ಲ. ಶವವಿಲ್ಲದಿದ್ದರೂ ಚರ್ಚಿನಲ್ಲಿ ಕೊನೆಯ ಪ್ರಾರ್ಥನೆ ಮುಗಿಸೋಣವೆಂದು ಪಾದ್ರಿ ಎರಡು ಸಲ ಬಂದು ಹೇಳಿದರು. ಥೆಲ್ಮಾ ಒಪ್ಪಲಿಲ್ಲ. ಅವನು ಬದುಕಿದ್ದರೆ? ತಾನು ಹೂಂ ಅಂದರೆ ತಾನೇ ಕೈಯಾರೆ ಕೊಂದ ಹಾಗೆ ಎಂಬ ಸಂಕಟ ಅವಳದು.

ತಾಸ್ಮೇನಿಯಾಕ್ಕೆ ಆಗಿನ್ನೂ ಟೆಲಿವಿಷನ್ ಕೇಂದ್ರ ಬಂದಿರಲಿಲ್ಲ. ಆದರೆ ಮೈದುನ ವೆರ್ನ್ ಹಿಡಿದ ಹಟ ಬಿಡದವನು. ಹಿತ್ತಲ ದಿಬ್ಬದ ಮೇಲೆ ಅರವತ್ತಡಿ ಕಂಬ ನೆಟ್ಟು, ತುದಿಗೆ ಆಂಟೆನಾ ಕಟ್ಟಿ, ಸಮುದ್ರದಾಚೆಯ ಮೆಲ್ಬರ್ನಿನ ಚಿತ್ರ ಹಿಡಿಯುತ್ತಿದ್ದ. ಮಾತು ಕೇಳಿಸುತ್ತಿರಲಿಲ್ಲ, ಬರೀ ಸುಯ್ ಎನ್ನುವ ಸದ್ದು. ಶನಿವಾರ ಮಧ್ಯಾಹ್ನ ಫುಟ್‌ಬಾಲ್ ಪಂದ್ಯದ ಕೊನೆಯ ಕಾಲುಭಾಗವನ್ನಷ್ಟೇ ತೋರಿಸುತ್ತಿದ್ದರು. ಅಷ್ಟಕ್ಕೇ ನೆರೆಯವರು ತಮ್ಮ ತಮ್ಮ ಕುರ್ಚಿ ಹೊತ್ತು, ಸ್ಕೋನ್ ಎಂಬ ಪುಟ್ಟ ಬನ್ನುಗಳ ತಟ್ಟೆ ಹಿಡಿದು ಬರುತ್ತಿದ್ದರು.

ಅದೇ ವರ್ಷ ಜುಲೈನ ಒಂದು ಶನಿವಾರ ಪರದೆ ತುಂಬ ಬರೀ ಬಿಳಿ ಚುಕ್ಕಿ.

"ಇದೇನು ವೆರ್ನ್, ಆಟ ತೋರಿಸ್ತಿದ್ದೀಯೋ, ಹಿಟ್ಟು ಜರಡಿ ಹಿಡೀತಿದ್ದೀಯೋ?" ಎಂದಳು ಮಾಂಸದಂಗಡಿಯ ಆಲಿವ್.

"ಬಾಯಿಗೆ ಸ್ಕೋನ್ ತುರುಕ್ಕೊಂಡು ಸುಮ್ನೆ ನೋಡಮ್ಮ. ಪುಕ್ಕಟೆ ತಾನೇ?"

ಎಲ್ಲರೂ ನಕ್ಕರು. ಅಷ್ಟರಲ್ಲಿ ಚಿತ್ರ ತಿಳಿಯಾಯಿತು. ಮೈದಾನದ ಬೇಲಿಗೆ ಒತ್ತಿ ನಿಂತ ಜನ ಹಿಂದಿನಿಂದ ಕಾಣುತ್ತಿದ್ದರು. ಸಾಲುಸಾಲು ಬೆನ್ನು, ಸಾಲುಸಾಲು ಟೊಪ್ಪಿ. ನಡುವೆ ಒಬ್ಬ ಮಾತ್ರ ಇತ್ತ ತಿರುಗಿ ನಿಂತಿದ್ದ. ಅಂಗೈಯಿಂದ ಎಡಗಿವಿ ಉಜ್ಜಿಕೊಳ್ಳುತ್ತ, ನೇರ ಈ ಕೋಣೆಯೊಳಕ್ಕೇ ನೋಡುತ್ತಿದ್ದ.

"ಅಣ್ಣಾ..." ಎಂದ ವೆರ್ನ್.

ಆಲಿವ್‌ಳ ಕೈಯಿಂದ ತಟ್ಟೆ ಜಾರಿತು. "ರೆಗ್ ಕಣ್ರೇ! ಅದೇ ಕಿವಿ ಉಜ್ಜೋ ಚಾಳಿ, ನಮ್ಮ ರೆಗ್!"

ಥೆಲ್ಮಾ ಪರದೆಯ ಹತ್ತಿರ ಹೋಗುವಷ್ಟರಲ್ಲಿ ಚುಕ್ಕಿಗಳು ಅವನನ್ನು ನುಂಗಿದವು.

ಸೋಮವಾರವೇ ಅವಳು ಟೆಲಿವಿಷನ್ ಕೇಂದ್ರಕ್ಕೆ ಬರೆದಳು: ಶನಿವಾರ ತೋರಿಸಿದ್ದು ಯಾವ ಮೈದಾನ? ಅಲ್ಲಿಗೆ ಹೋಗಿ ಗಂಡನನ್ನು ಕರೆತರುವುದೆಂದು ಅವನ ಅಂಗಿಗಳಿಗೆ ಇಸ್ತ್ರಿ ಹಾಕಿಟ್ಟಳು. ಮೂರು ವಾರದ ಮೇಲೆ ಉತ್ತರ ಬಂತು. ಆ ದಿನ ಮೈದಾನದ ಸಂಪರ್ಕ ಕೆಟ್ಟಿದ್ದರಿಂದ ಕಳೆದ ವರ್ಷದ ಆಗಸ್ಟಿನ ಪಂದ್ಯದ ಫಿಲ್ಮ್ ಹಾಕಿದ್ದರಂತೆ. ಹಾಗೆಂದು ಹೇಳಿಯೂ ಇದ್ದರಂತೆ. ಆ ಮಾತು ಸಮುದ್ರ ದಾಟಿರಲಿಲ್ಲ. ಕಂಬಕ್ಕೆ ಸಿಕ್ಕಿದ್ದೆಲ್ಲ ಆ ಗಳಿಗೆಯಲ್ಲೇ ನಡೆಯುತ್ತಿದೆಯೆಂದು ಊರೆಲ್ಲ ನಂಬಿತ್ತು.

ವೆರ್ನ್ ಕಾಗದ ಓದಿ ಉಸಿರುಬಿಟ್ಟ. "ನೋಡಿ ಅತ್ತಿಗೆ, ಹೋದ ವರ್ಷದ್ದು. ಆಗ ಅಣ್ಣ ಇದ್ನಲ್ಲ. ನಿಮಗೆ ಹೇಳದೆ ಆಟಕ್ಕೆ ಹೋಗಿರ್ತಾನೆ."

"ಹೋದ ಆಗಸ್ಟಲ್ಲಿ ಅವನ ಕಾಲು ಮುರಿದಿತ್ತಪ್ಪ. ತಿಂಗಳು ಪೂರ್ತಿ ನನ್ನ ಅಡುಗೆಮನೆ ಮಂಚದಿಂದ ಏಳಲಿಲ್ಲ. ನೀನೇ ಬಂದು ಗಡ್ಡ ಹೆರೀತಿದ್ದೆ."

ವೆರ್ನ್‌ನ ಮುಖ ಸುಣ್ಣದಂತಾಯಿತು. "ಹಾಗಾದ್ರೆ... ಬೇರೆ ಯಾರೋ ಇರ್ಬೇಕು."

"ನಾನು ಬಾಯಿ ಬಿಡೋ ಮೊದಲೇ ಅಣ್ಣಾ ಅಂದೋನು ನೀನು."

ವೆರ್ನ್ ಕಾಗದ ಮಡಚಿ ಮೇಜಿನ ಮೇಲಿಟ್ಟ. ಹೊರಗೆ ಕಂಬದ ತಂತಿಗಳು ಗಾಳಿಗೆ ಕೊಯ್ಯೆನ್ನುತ್ತಿದ್ದವು. ಥೆಲ್ಮಾ ಎದ್ದು ನೇರ ಪಾದ್ರಿಯ ಮನೆಗೆ ನಡೆದಳು. ಅವರು ಅಂಗಳದಲ್ಲಿ ಗುಲಾಬಿ ಗಿಡ ಸವರುತ್ತಿದ್ದರು.

"ಈ ಭಾನುವಾರ ಪ್ರಾರ್ಥನೆ ಇಟ್ಕೊಳ್ಳಿ, ಫಾದರ್."

"ಮನಸ್ಸು ಗಟ್ಟಿಯಾಯ್ತೇನಮ್ಮ? ಟೆಲಿವಿಷನ್‌ನಲ್ಲಿ ಕಂಡೋನು ರೆಗ್ ಅಲ್ಲ ಅಂತ ಗೊತ್ತಾಯ್ತಾ?"

"ರೆಗ್ಗೇ," ಎಂದಳು ಥೆಲ್ಮಾ. "ಮದುವೆ ದಿನ ನೆನಪಿಲ್ವಾ? ಪಂದ್ಯ ಮುಗಿಯೋ ತನಕ ರೇಡಿಯೋ ಬಿಟ್ಟು ಏಳದೆ, ನಿಮ್ಮನ್ನೂ ನನ್ನನ್ನೂ ಚರ್ಚಲ್ಲಿ ಕಾಯಿಸಿದೋನು. ಬದುಕಿರೋ ರೆಗ್ ಕೊನೇ ಕಾಲುಭಾಗದಲ್ಲಿ ಆಟಕ್ಕೆ ಬೆನ್ನು ಹಾಕೋನಲ್ಲ."